ಒಂದೇ ಕೈಯ ಎರಡು ಅರ್ಜಿ

ಇಲ್ಲ ಎನ್ನುವ ಮಾತು ನನ್ನ ಗಂಟಲಿನಿಂದ ಹೊರಡುವುದೇ ಇಲ್ಲ, ಇದರಿಂದಲೇ ಒಂದು ದಿನ ಕೆಡುತ್ತೇನೆ ಎಂದು ಪುಯ್‌ಲಾನ್ ಬೆಳಿಗ್ಗೆ ದಿನಚರಿಯಲ್ಲಿ ಬರೆದಳು. ಮಸಿ ಆರುವ ಮೊದಲೇ ಹಲಗೆಗೋಡೆ ಟಕಟಕ ಎಂದಿತು.

ಗೋಡೆಯಾಚೆ ದರ್ಜಿ ಮೋಕ್. ಹಾಂಗ್‌ಕಾಂಗಿನ ಆ ಮೂರನೆಯ ಮಹಡಿಯನ್ನು ಹಲಗೆ ಬಡಿದು, ದಾಳಿಂಬೆಯ ಒಳಗಿನಂತೆ ಒಂಬತ್ತು ಗೂಡು ಮಾಡಿದ್ದರು. ಒಂದರಲ್ಲಿ ಸೀನಿದರೆ ಎಂಟರಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಕಿಟಕಿ ಇದ್ದದ್ದು ಪುಯ್‌ಲಾನಳ ಗೂಡಿಗೆ ಮಾತ್ರ. ಹೆಣ್ಣುಮಕ್ಕಳ ಶಾಲೆಯ ಈ ಹೊಸ ಮೇಡಂ ಒಂದು ಹೊತ್ತಿನ ಊಟ ಬಿಟ್ಟು ಆ ಬೆಳಕಿಗೆ ಬಾಡಿಗೆ ಕಟ್ಟುತ್ತಿದ್ದಳು.

ಏರುವ ಬಾಡಿಗೆಗೆ ಕಾನೂನಿನ ಮೂಗುದಾರ ಹಾಕಬೇಕೋ ಬೇಡವೋ ಎಂದು ಸರಕಾರದ ಸಭೆ ಮರುದಿನ ಚರ್ಚಿಸಲಿತ್ತು. ಅಹವಾಲು ಇದ್ದವರು ಇಂದೇ ಮಧ್ಯಾಹ್ನದೊಳಗೆ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕು. ಇಂಗ್ಲಿಷ್ ಬರುತ್ತಿದ್ದದ್ದು ಇಡೀ ಮಹಡಿಗೆ ಅವಳೊಬ್ಬಳಿಗೆ. ಬಾಡಿಗೆ ಏರಿದರೆ ಹೊಲಿಗೆ ಮಿಷನ್ನನ್ನು ತಲೆಯ ಮೇಲಿಟ್ಟುಕೊಂಡು ಮಲಗಬೇಕಾದೀತು ಎಂದು ಮೋಕ್ ಗೋಳು ಹೇಳಿ, ಕಾನೂನು ಬೇಕೆಂದು ಬರೆಯಲು ಬೇಡಿ, ಖಾಲಿ ಕಾಗದದ ಕೆಳಗೆ ಎಲ್ಲರ ಪರವಾಗಿ ಹೆಬ್ಬೆಟ್ಟು ಒತ್ತಿದ.

ಅವನು ಆ ಕಡೆ ಹೋದ, ಈ ಕಡೆ ಕ್ವಾಕ್ ಅತ್ತೆ ಗಂಜಿ ಬಟ್ಟಲು ಹಿಡಿದು ಬಂದಳು. ಮಾಲೀಕನಿಂದ ಮಹಡಿ ಹಿಡಿದು ಗೂಡು ಗೂಡಾಗಿ ಬಾಡಿಗೆಗೆ ಕೊಟ್ಟವಳು ಅವಳೇ. ಅವಳು ಕಟ್ಟುವ ಬಾಡಿಗೆಯನ್ನು ಮಾಲೀಕ ಆಗಲೇ ಏರಿಸಿಬಿಟ್ಟಿದ್ದ. ಈಗ ಕಾನೂನು ಬಂದು ತನ್ನ ಕೈ ಕಟ್ಟಿದರೆ ಮುದುಕಿ ಬೀದಿಪಾಲು ಎಂದು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಗಂಜಿ ಆರೋದ್ರೊಳಗೆ ಕಾನೂನು ಬೇಡ ಅಂತ ಬರ್ದುಬಿಡಮ್ಮ. ಆ ಮೋಕ್‌ಗೆ ಹೇಳ್ಬೇಡ."

ಪುಯ್‌ಲಾನ್ ಎರಡನ್ನೂ ಬರೆದಳು. ಎರಡಕ್ಕೂ ಅತ್ತಳು. ಶಾಲೆಗೆ ಹೋಗುವ ದಾರಿಯಲ್ಲಿ ಸರಕಾರಿ ಕಚೇರಿಗೆ ತಾನೇ ಕೊಟ್ಟೂ ಹೋದಳು.

ಸಂಜೆ ಕಚೇರಿಯ ಗುಮಾಸ್ತ ಸಿಟ್ ಎರಡು ಕಾಗದ ಬೀಸುತ್ತ ಮೆಟ್ಟಿಲೇರಿ ಬಂದ. ಒಂಬತ್ತು ಗೂಡೂ ಖಾಲಿಯಾಗಿ ಜನ ನೆರೆಯಿತು.

"ಒಂದೇ ವಿಳಾಸ, ಒಂದೇ ಕೈಬರಹ. ಒಂದ್ರಲ್ಲಿ ಕಾನೂನು ಬೇಕು, ಇನ್ನೊಂದ್ರಲ್ಲಿ ಬೇಡ. ಯಾವುದ್ರೀ ಸುಳ್ಳು?"

ಮೋಕ್ ಅತ್ತೆಯನ್ನು ನೋಡಿದ, ಅತ್ತೆ ಮೋಕ್‌ನನ್ನು. ಆಮೇಲೆ ಇಬ್ಬರೂ ಪುಯ್‌ಲಾನಳನ್ನು. ಅವಳ ಗಲ್ಲ ಎದೆಗೆ ಅಂಟಿತು. ಸಿಟ್ ಅವಳ ಶಾಲೆಯ ಪುಸ್ತಕಗಳೊಡನೆ ಬರಹ ಹೋಲಿಸಲು ಬೆಳಕಿಗೆಂದು ಕಿಟಕಿಯ ಬಳಿ ಹೋದವನು, ಅಲ್ಲೇ ನಿಂತುಬಿಟ್ಟ. ಕೆಳಗೆ ಕಡಲು, ದೋಣಿಗಳು, ತಂಗಾಳಿ. ಪಾಪ, ಅವನು ಮೂರು ತಿಂಗಳಿನಿಂದ ಭಾವಮೈದುನನ ಜಗುಲಿಯಲ್ಲಿ ಮಲಗುತ್ತಿದ್ದ.

ಕಾಗದಗಳನ್ನು ಮಡಿಸಿ ಜೇಬಿಗಿಟ್ಟ. "ಅರ್ಜಿ ಹಾಗಿರ್ಲಿ. ಈ ಗೂಡಿಗೆ ದುಪ್ಪಟ್ಟು ಕೊಡ್ತೀನಿ, ಅತ್ತೆ."

ಮೋಕ್ ನೆಲ ನೋಡಿದ. ಅತ್ತೆ ಕಿಟಕಿ ನೋಡಿದಳು. ಬೆಳಗಿನ ಗಂಜಿ ಬಟ್ಟಲು ಅಲ್ಲೇ, ತೊಳೆದು ಬೋರಲು ಹಾಕಿದ್ದು. ಅವಳ ದನಿ ಸಣ್ಣಗಾಯಿತು.

"ಓದಿದೋಳು, ನಿಂಗೆ ಬೇರೆ ಕಡೆ ಸಿಗುತ್ತಲ್ವೇನಮ್ಮ?"

ಹೂಂ ಎನ್ನಲು ಬಾಯಿ ತೆರೆದೇ ಇತ್ತು.

"ಇಲ್ಲ ಅತ್ತೆ," ಎಂದಳು ಪುಯ್‌ಲಾನ್. "ನಂಗೆ ಬೇರೆ ಎಲ್ಲೂ ಜಾಗ ಇಲ್ಲ. ಎಲ್ರ ಕಷ್ಟನೂ ಬರ್ದೆ, ನನ್ನದೊಂದು ಬರೀಲಿಲ್ಲ."