ಬೀರಗಟ್ಟಿ ಹಾಲಿನ ಸಂಘಕ್ಕೆ ರೇಸ್ ಗಾಡಿ ಬಂದದ್ದು

ಬೀರಗಟ್ಟಿ ಹಾಲು ಉತ್ಪಾದಕರ ಸಂಘದ ಮೂರು ಗಾಲಿಯ ಟಂಟಂ ಗಾಡಿಯು ಕಳೆದ ಯುಗಾದಿಯ ಮರುದಿನ ಮುಂಜಾನೆ, ಹಾಲಿನ ಕ್ಯಾನುಗಳನ್ನು ಹೊತ್ತು ಸೇವೆಯಲ್ಲಿದ್ದಾಗಲೇ, ಗಲಗಲಿ ದಾರಿಯಲ್ಲಿ ನಿಧನ ಹೊಂದಿತು. ಸಂಘವು ಎರಡು ನಿಮಿಷ ಮೌನ ಆಚರಿಸಿ, ಮೂರನೆಯ ನಿಮಿಷಕ್ಕೆ ಹೊಸ ಗಾಡಿಯ ಖರೀದಿಗೆ ಸಭೆ ಸೇರಿತು.

ಆ ಟಂಟಂ ಓಡಿಸುತ್ತಿದ್ದವನು ನಾನೇ, ಶಿವಪುತ್ರ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ನನಗೆ ಸೇರುವುದಿಲ್ಲ. ಆದರೂ ಕಬ್ಬು ತುಂಬಿದ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆಯುವುದರಲ್ಲಿ ಮುಧೋಳ, ಬೀಳಗಿ, ಜಮಖಂಡಿ ಮೂರೂ ತಾಲೂಕಿನಲ್ಲಿ ನನ್ನ ಸರಿಸಮ ಗಂಡಸು ಇನ್ನೂ ಹುಟ್ಟಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದ್ದರಿಂದ ವಾಹನ ಆಯ್ಕೆ ಉಪಸಮಿತಿಗೆ ನನ್ನನ್ನೇ ತಜ್ಞನೆಂದು ನೇಮಿಸಲಾಯಿತು. ಉಳಿದ ಇಬ್ಬರು ಅಧ್ಯಕ್ಷ ಗಿರಮಲ್ಲಪ್ಪನವರು ಮತ್ತು ಕಾರ್ಯದರ್ಶಿ ಧರ್ಮರಾಜ.

ಅಧ್ಯಕ್ಷರು ವಿಷಯ ಮಂಡಿಸಿದರು. "ಹಾಲು ಯಾಕ ಕೆಡತೈತಿ? ತಡ ಆಗೂದ್ರಿಂದ. ತಡ ಆಗಬಾರದಂದ್ರ ಎಂಥಾ ಗಾಡಿ ಬೇಕು? ಎಲ್ಲಾಕಿಂತ ಜೋರ ಓಡೂ ಗಾಡಿ. ಎಲ್ಲಾಕಿಂತ ಜೋರ ಓಡೂದು ಯಾವುದು?"

"ರೇಸ್ ಗಾಡಿರಿ," ಎಂದೆ ನಾನು. ಮೊಬೈಲಿನಲ್ಲಿ ಅವುಗಳ ವಿಡಿಯೋ ನನ್ನಷ್ಟು ನೋಡಿದವರು ಊರಲ್ಲಿಲ್ಲ.

ಲಗಮವ್ವ ಎದ್ದು ನಿಂತಳು. ಎರಡು ಎಮ್ಮೆಯ ಒಡತಿ. ಮಗಳು ಪೂನಮ್ ಜಮಖಂಡಿಯಲ್ಲಿ ನರ್ಸಿಂಗ್ ಓದುವುದು ಆ ಎರಡು ಎಮ್ಮೆಯ ಹಾಲಿನ ಮೇಲೆಯೇ. "ಚೇರ್ಮನ್ರ, ಇನ್ನೊಂದ ಟಂಟಂ ತಂದ್ರ ಆತಲ್ರಿ?"

"ಟಂಟಂ ಅನುಭವ ನಮಗ ಆಗೇತವ್ವಾ. ಅದು ಸಾಯತೈತಿ," ಎಂದರು ಅಧ್ಯಕ್ಷರು. ಸಭೆ ತಲೆಯಾಡಿಸಿತು.

ಧರ್ಮರಾಜ ಠರಾವು ಓದಿದ: "ಖರೀದಿಸುವ ವಾಹನವು ಓಡಾಟದ ರೋಮಾಂಚನವನ್ನೂ ದಿನಬಳಕೆಯ ಅನುಕೂಲವನ್ನೂ ಸಮತೂಕದಲ್ಲಿ ಹೊಂದಿರತಕ್ಕದ್ದು. ರೋಮಾಂಚನವೆಂದರೆ ಕುಳಿತವರ ಕೈಮೇಲಿನ ಕೂದಲು ಎದ್ದು ನಿಲ್ಲುವುದು. ದಿನಬಳಕೆಯೆಂದರೆ ಸದರಿ ವಾಹನವನ್ನು ಅಧ್ಯಕ್ಷರು ದಿನವೂ ಬಳಸುವುದು."

ಮುಂದಿನ ವಾರವೇ ಹಳೇ ಗಾಡಿಗಳ ವ್ಯಾಪಾರಿ ಹಾಲೇಶ ಒಂದು ಲಾರಿಯಲ್ಲಿ ಎರಡು ರೇಸ್ ಗಾಡಿ ಹೇರಿಕೊಂಡು ಬಂದ. ಒಂದು ಕೆಂಪು, ತಲೆ ಮೇಲೆ ಛತ್ತು ಇದ್ದದ್ದು. ಇನ್ನೊಂದು ಹಳದಿ, ಛತ್ತಿಲ್ಲದ್ದು. ಎರಡಕ್ಕೂ ಎರಡೆರಡೇ ಸೀಟು. ಎರಡೂ ನಮ್ಮೂರ ಕುರಿಗಿಂತ ಗಿಡ್ಡ.

ಕೆಂಪು ಗಾಡಿಯ ಪರೀಕ್ಷೆ ಮೊದಲು. ಅಧ್ಯಕ್ಷರು ತಲೆ ಮೊದಲು ಹಾಕಿದರೆ ಕಾಲು ಹೊರಗುಳಿದವು, ಕಾಲು ಮೊದಲು ಹಾಕಿದರೆ ತಲೆಗೆ ಸುತ್ತಿದ ಪಟಗಾ ಛತ್ತಿಗೆ ಬಡಿಯಿತು.

"ಪಟಗಾ ತಗದ ಕುಂಡ್ರಿ ಸಾಹೇಬ್ರ," ಎಂದ ಹಾಲೇಶ.

ಧರ್ಮರಾಜ ಗಂಟಲು ಸರಿಮಾಡಿಕೊಂಡ. "ಪಟಗಾ ಇಲ್ಲದ ಅಧ್ಯಕ್ಷರನ್ನ ಅಧ್ಯಕ್ಷರಂತ ಗುರುತಿಸೂ ಅಧಿಕಾರ ನಮ್ಮ ನಿಯಮದಾಗ ಯಾರಿಗೂ ಇಲ್ಲ." ಕೆಂಪು ಗಾಡಿ ತಿರಸ್ಕೃತವಾಯಿತು.

ಹಳದಿಯದರಲ್ಲಿ ಪಟಗಾ ಆಕಾಶದವರೆಗೂ ಹೋಗಲು ಅಡ್ಡಿಯಿರಲಿಲ್ಲ. ಕಬ್ಬಿನ ಹೊಲಗಳ ನಡುವಿನ ನೇರ ದಾರಿಯಲ್ಲಿ ನಾನು ಅದನ್ನು ಹೇಗೆ ಹೊಡೆದೆನೆಂದರೆ, ಅಧ್ಯಕ್ಷರ ಪಟಗಾ ಬಿಚ್ಚಿ, ಗಾಳಿಯಲ್ಲಿ ಉದ್ದಕ್ಕೆ ಹರಿದು, ಪಕ್ಕದ ಹೊಲದ ಭೀಮಶಿಯ ಕಬ್ಬಿನ ಮೇಲೆ ಹಾಸಿಕೊಂಡಿತು. ಇಳಿದ ಮೇಲೆ ಧರ್ಮರಾಜ ಅಧ್ಯಕ್ಷರ ಕೈ ಹಿಡಿದು ಬಿಸಿಲಿಗೆ ನೋಡಿದ.

"ಎದ್ದಾವ್ರಿ," ಎಂದು ಘೋಷಿಸಿದ. ರೋಮಾಂಚನ ಪಾಸಾಯಿತು.

ದಿನಬಳಕೆಯ ಪರೀಕ್ಷೆಗೆ ಡಿಕ್ಕಿ ತೆಗೆದೆವು. ಎರಡು ಕ್ಯಾನು ಕುಳಿತವು.

"ಎರಡ? ಟಂಟಂದಾಗ ಹತ್ತ ಹೋಗತಿದ್ವಲ್ಲೋ ಯಪ್ಪಾ," ಎಂದಳು ಲಗಮವ್ವ.

"ಚಿಗವ್ವ, ಟಂಟಂ ಒಮ್ಮಿ ಹೋಗೂದ್ರಾಗ ಇದು ಐದ ಸಲ ಹೋಗಿ ಬರತೈತಿ. ಹೊಡಿಯಾಂವ ಯಾರಂತ ನೋಡು ಮದಲ," ಎಂದೆ ನಾನು.

"ಅದನ್ನ ನೋಡೇ ಅಂಜಿಕಿ ಬಂದೈತಿ. ಸ್ಟೆಪ್ನಿ ಎಲ್ಲೈತಿ ಇದರದು?"

"ರೇಸ್ ಗಾಡಿಗೆ ಸ್ಟೆಪ್ನಿ ಇರೂದಿಲ್ಲವ್ವಾ," ಹಾಲೇಶ ನಕ್ಕ. "ಪಂಕ್ಚರ್ ಆಗೂದ್ರಾಗ ಊರು ಮುಟ್ಟಿರತೈತಿ."

ಸ್ಟೆಪ್ನಿ ಇಲ್ಲದಿರುವುದು ವೇಗಕ್ಕೆ ಪುರಾವೆಯೆಂದು ದಾಖಲಿಸಿಕೊಂಡು ಹಳದಿ ಗಾಡಿ ಖರೀದಿಸಲಾಯಿತು. ಹಾಲೇಶ ಆ ಸಂಜೆ ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿದ. ಹೋಗುವಾಗ ಅಧ್ಯಕ್ಷರಿಗೆ ಒಂದು ಹೊಸ ಪಟಗಾ ಉಡುಗೊರೆ ಕೊಟ್ಟು ಹೋದ. ಪಟಗಾದ ಗಂಟು ಬಹಳ ದಪ್ಪವಿತ್ತು, ಒಳಗೆ ಏನೋ ಸುತ್ತಿಟ್ಟಂತಿತ್ತು. ಪಟಗಾದ ವಿಷಯ ಠರಾವಿನಲ್ಲಿ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ಮೊದಲ ದಿನ ಎರಡು ಕ್ಯಾನು ಹೇರಿ, ಪಕ್ಕದಲ್ಲಿ ಅಧ್ಯಕ್ಷರನ್ನು ಕೂಡಿಸಿಕೊಂಡು ಜಮಖಂಡಿಗೆ ಹೊರಟೆ. ನಮ್ಮ ಭಾಗದಲ್ಲಿ ಯಾವ ಮನುಷ್ಯನ ತೂಕ ಎಷ್ಟೆಂಬುದನ್ನು ಅವನ ಮನೆ ಮುಂದಿನ ಹಂಪ್ ನೋಡಿ ತಿಳಿಯಬೇಕು. ಪಂಚಾಯ್ತಿ ಸದಸ್ಯನಾದರೆ ಒಂದು ಹಂಪ್. ಮಾಜಿ ಸದಸ್ಯನಾದರೆ ಅದಕ್ಕಿಂತ ಎತ್ತರದ್ದು. ಅಧ್ಯಕ್ಷರ ಮನೆಗೆ ಆಚೆಗೊಂದು, ಈಚೆಗೊಂದು. ಹಳದಿ ಗಾಡಿಯ ಹೊಟ್ಟೆ ಮೊದಲ ಹಂಪಿಗೇ ಕೂತುಬಿಟ್ಟಿತು. ನಾಲ್ಕೂ ಗಾಲಿ ಗಾಳಿಯಲ್ಲಿ. ಆರು ಜನ ಹುಡುಗರು ಬಂದು ಗಾಡಿಯನ್ನು ಅಧ್ಯಕ್ಷರ ಸಮೇತ ಎತ್ತಿ ಆಚೆಗಿಟ್ಟರು. ಇನ್ನೊಂದು ಹಂಪ್. ಮತ್ತೆ ಎತ್ತಿದರು. ಎತ್ತಿ ಇಳಿಸಿದಾಗೆಲ್ಲ ಡಿಕ್ಕಿಯೊಳಗೆ ಡುಬುಕ್ ಡುಬುಕ್ ಎನ್ನುತ್ತಿತ್ತು. ರೇಸ್ ಗಾಡಿಗೆ ಇಂಜಿನ್ ಹಿಂದಿರುವುದರಿಂದ ಡಿಕ್ಕಿ ನಮ್ಮವ್ವನ ಒಲೆಯಷ್ಟೇ ಬೆಚ್ಚಗಿರುತ್ತದೆ, ಇದು ತಾಂತ್ರಿಕ ವಿಷಯ. ಹಂಪಿಗೂ ಹಂಪಿಗೂ ನಡುವೆ ಮಾತ್ರ ನಾನು ಹೊಡೆದ ಹೊಡೆತಕ್ಕೆ ಎಮ್ಮೆಗಳು ಮೇವು ಬಿಟ್ಟು ನೋಡಿದವು.

ಜಮಖಂಡಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹಾಲು ತಂಪು ಮಾಡುವ ಕೇಂದ್ರದವನು ಮುಚ್ಚಳ ತೆಗೆದು ಒಳಗೆ ನೋಡಿ, ನಮ್ಮನ್ನು ನೋಡಿ, ಮತ್ತೆ ಒಳಗೆ ನೋಡಿದ.

"ಸಾಹೇಬ್ರ, ಇದು ಹಾಲಲ್ರಿ."

"ಮತ್ತೇನ?"

"ಬೆಣ್ಣಿರಿ. ತಳಕ್ಕ ಮಜ್ಜಗಿ."

ಊರಲ್ಲಿ ಉಳಿದ ಎಂಟು ಕ್ಯಾನುಗಳು ತಮ್ಮ ಸರದಿಗೆ ಕಾದು ಕಾದು ನಿಂತಲ್ಲೇ ಮೊಸರಾಗಿದ್ದವು. ವಾರಗಟ್ಟಲೆ ಹೀಗೇ ನಡೆದ ಮೇಲೆ ಸಭೆ ಸೇರಿತು. ಹಂಪ್ ಒಡೆಯಬಹುದೆಂದು ಒಬ್ಬ ಹೇಳಿದ. ಮೊದಲು ಯಾರ ಮನೆಯದನ್ನು ಎಂದು ಅಧ್ಯಕ್ಷರು ಕೇಳಿದರು. ಅವನು ಕುಳಿತ. ಗಾಡಿ ವಾಪಸ್ ಕೊಡಬಹುದೆಂದು ಇನ್ನೊಬ್ಬ ಹೇಳಿದ. ಹಾಲೇಶನ ಫೋನ್ ಸ್ವಿಚ್ ಆಫ್ ಇತ್ತು. ಕೊನೆಗೆ ಧರ್ಮರಾಜ, ಎಷ್ಟಾದರೂ ಓದಿದವನು, ದಾರಿ ಕಂಡುಹಿಡಿದ.

"ಗಾಡಿ ತಪ್ಪು ಮಾಡಿಲ್ಲ. ಸಂಘದ ಹೆಸರು ತಪ್ಪೈತಿ."

ಅಂದಿನಿಂದ ನಮ್ಮದು ಬೀರಗಟ್ಟಿ ಬೆಣ್ಣೆ ಉತ್ಪಾದಕರ ಸಂಘ. ಹೊಸ ನಿಯಮದಂತೆ, ಬೆಣ್ಣೆಯು ಗಾಡಿಯ ಓಡಾಟದಿಂದ ಉತ್ಪತ್ತಿಯಾಗುವುದರಿಂದ ಅದು ಗಾಡಿಯಲ್ಲಿ ಕುಳಿತವರಿಗೆ, ಅಂದರೆ ಆಡಳಿತ ಮಂಡಳಿಗೆ, ಸೇರತಕ್ಕದ್ದು. ಮಜ್ಜಿಗೆಯನ್ನು ಸದಸ್ಯರಿಗೆ ಪ್ರಾಮಾಣಿಕವಾಗಿ ಹಿಂತಿರುಗಿಸತಕ್ಕದ್ದು.

"ನನ್ನ ಮಗಳ ಫೀ?" ಲಗಮವ್ವ ಕೇಳಿದಳು. "ಈ ತಿಂಗಳ ಕಟ್ಟಲಿಲ್ಲಂದ್ರ ಪರೀಕ್ಷಾಕ್ಕ ಕುಂಡ್ರಸೂದಿಲ್ಲಂತ ಹೇಳ್ಯಾರ."

ಸಂಘ ಕಲ್ಲೆದೆಯದಲ್ಲ. ಶುಲ್ಕವನ್ನು ಮಜ್ಜಿಗೆಯ ರೂಪದಲ್ಲಿ ಸ್ವೀಕರಿಸಬೇಕೆಂದು ಕಾಲೇಜಿಗೆ ವಿನಂತಿ ಕಳಿಸಲಾಯಿತು. ಬೇಸಿಗೆಯಾದ್ದರಿಂದ ಒಪ್ಪಬಹುದೆಂದು ನನ್ನ ಅಂದಾಜಿತ್ತು. ಒಪ್ಪಲಿಲ್ಲ.

ಹಾಲಿನ ಬಿಲ್ಲು ನಿಂತ ಮೇಲೆ ಪೆಟ್ರೋಲೂ ನಿಂತಿತು. ಗಾಡಿ ಸಂಘದ ಕಟ್ಟಡದ ಮುಂದೆ, ಎರಡು ಹಂಪಿನ ನಡುವೆ ನಿಂತಿತು. ಆಗ ಒಂದು ಮುಂಜಾನೆ ಲಗಮವ್ವ ಮನೆಯಿಂದ ತನ್ನ ಕಡಗೋಲು ತಂದು ಸಭೆಯ ನಡುವೆ ಎಸೆದಳು.

"ತಗೋರಿ ನಿಮ್ಮ ರೇಸ್ ಗಾಡಿ! ಇದಕ್ಕ ಎಣ್ಣಿ ಬ್ಯಾಡ, ಹಂಪ್ ಎತ್ತಾಕ ಆರ ಮಂದಿ ಬ್ಯಾಡ, ಚೇರ್ಮನ್ನೂ ಬ್ಯಾಡ!"

ಧರ್ಮರಾಜ ಕಡಗೋಲನ್ನು ಎತ್ತಿಕೊಂಡು ಹೊರಗೆ ಹೋಗಿ ಡಿಕ್ಕಿಯಲ್ಲಿಟ್ಟು ನೋಡಿದ. ಅಳತೆ ಮಾಡಿಸಿದಂತೆ ಕೂತಿತು.

"ಸಾಹೇಬ್ರ," ಎಂದು ಹೊರಗಿನಿಂದಲೇ ಕೂಗಿದ, "ಸ್ಟೆಪ್ನಿ ಸಿಕ್ತು."

ಚಪ್ಪಾಳೆ ಬಿದ್ದವು. ಲಗಮವ್ವನಿಗೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಅವಳು ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಮನೆಗೆ ನಡೆದಳು. ಸಂತೋಷ ಹೆಚ್ಚಾದಾಗ ಹಾಗಾಗುತ್ತದೆ.

ಪರೀಕ್ಷೆ ತಪ್ಪಿದ ಪೂನಮ್‌ ಊರಿಗೆ ಬಂದಿದ್ದಾಳೆ. ಅವಳಿಗೂ ಸಂಘದಲ್ಲೇ ಕೆಲಸ ಸಿಕ್ಕಿದೆ. ದಿನಾ ಮುಂಜಾನೆ ಅಧ್ಯಕ್ಷರು ಪಟಗಾ ಸುತ್ತಿ ಗಾಡಿಯಲ್ಲಿ ಕೂಡುತ್ತಾರೆ. ನಾನು ಸ್ಟೇರಿಂಗ್ ಹಿಡಿದು ಬಾಯಿಂದ ಘುರ್ರ್ ಎನ್ನುತ್ತೇನೆ. ಆ ಸದ್ದು ಮಾಡುವುದರಲ್ಲಿ ಮೂರು ತಾಲೂಕಿನಲ್ಲಿ ನನ್ನ ಸರಿಸಮ ಯಾರೂ ಇಲ್ಲ. ಪೂನಮ್ ಹಿಂದೆ ನಿಂತು ಡಿಕ್ಕಿಯ ಕ್ಯಾನಿನಲ್ಲಿ ಕಡಗೋಲು ತಿರುವುತ್ತಾಳೆ. ಹಾಲು ಕೊಟ್ಟವರೆಲ್ಲ ಚರಿಗೆ ಹಿಡಿದು ಮಜ್ಜಿಗೆಗೆ ಸಾಲು ನಿಲ್ಲುತ್ತಾರೆ. ರೋಮಾಂಚನವೂ ದಿನಬಳಕೆಯೂ ಕೊನೆಗೂ ಸಮತೂಕಕ್ಕೆ ಬಂದವೆಂದು ವಾರ್ಷಿಕ ವರದಿಯಲ್ಲಿ ಬರೆಯಲಾಗಿದೆ.

ಮೊನ್ನೆ ಅಧ್ಯಕ್ಷರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ಎಲ್ಲಿಮಟ ಬಂದ್ವಿ ಲೇ?"

"ಜಮಖಂಡಿ ಬಂತ ನೋಡ್ರಿ ಸಾಹೇಬ್ರ."

"ಹಂಗಿದ್ರ ನನ್ನ ಕಾಲೇಜ್ ಮುಂದ ಇಳಸ್ರಿ," ಎಂದಳು ಪೂನಮ್ ಹಿಂದಿನಿಂದ, ಕಡಗೋಲು ನಿಲ್ಲಿಸದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಲಗಮವ್ವ ಒಬ್ಬಳು ನಗಲಿಲ್ಲ. ಆದರೆ ಸಂಘದ ಗಾಡಿಯನ್ನು ನಡುದಾರಿಯಲ್ಲಿ ಯಾರಿಗಾಗಿಯೂ ನಿಲ್ಲಿಸಬಾರದೆಂಬ ನಿಯಮವಿದೆ. ನಾನು ನಿಲ್ಲಿಸಲಿಲ್ಲ.