ಹಪ್ಪಳದ ಪೆಟ್ಟಿಗೆಯೂ ನಾಗರಾಜನ ಜಿಲ್ಲೆಯೂ

ಹೆಂಡತಿ ಸೋತಾಗ ಒಳಗೊಳಗೇ ಖುಷಿಪಡುವ ಗಂಡಸರಲ್ಲಿ ನಾನೂ ಒಬ್ಬ ಎಂದು ತಿಳಿಯಲು ನನಗೆ ಅರವತ್ತೆರಡು ವರ್ಷ ಬೇಕಾಯಿತು. ತಿಳಿಸಿದವನು ನನ್ನ ಹಳೇ ವಿದ್ಯಾರ್ಥಿ ನಾಗರಾಜ. ಸಾಗರದಲ್ಲಿ ಸೈಟು ಮಾಡಿ ಮಾರುತ್ತಿದ್ದವನು, ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯೊಂದನ್ನು ಕೊಂಡು ‘ಇನ್ನೋವೇಶನ್ ಡಿಸ್ಟ್ರಿಕ್ಟ್’ ಎಂದು ಬೋರ್ಡು ಹಾಕಿದ. ಜಿಲ್ಲೆ ಎಂದರೆ ಶಿವಮೊಗ್ಗ ಎಂದುಕೊಂಡಿದ್ದ ನನಗೆ, ಅದು ಒಂದು ಕಾಂಪೌಂಡಿನೊಳಗೂ ಹಿಡಿಸುತ್ತದೆಂದು ಆವತ್ತೇ ಗೊತ್ತಾದದ್ದು. ಹೊಸದೇನಾದರೂ ಮಾಡಹೊರಟವರಿಗೆ ಟೇಬಲ್ಲು, ಕರೆಂಟು, ಸಲಕರಣೆ ಎಲ್ಲ ಅವನೇ ಕೊಡುತ್ತಾನಂತೆ. ಉದ್ಘಾಟನೆಗೆ ಎರಡು ಮಾತಾಡಿ ಎಂದು ನನ್ನನ್ನು ಕರೆಯಲು ಮನೆಗೇ ಬಂದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಕಾಫಿ ತಂದ ನನ್ನ ಹೆಂಡತಿ ಶಾರದೆ ಕೇಳಿದಳು: “ಮಳೆಗಾಲ್ದಲ್ಲಿ ಹಪ್ಪಳ ಒಣಗ್ಸೋ ಪೆಟ್ಟಿಗೆ ಮಾಡ್ಬೇಕು ಅಂತಿದೀನಿ. ಅದು ನಡೀತದಾ ನಿಮ್ಮಲ್ಲಿ?”

“ಉದ್ಘಾಟನೆಗೆ ಕಾಯೋದೇನ್ ಬೇಡ, ನಾಳೆಯಿಂದ್ಲೇ ಬನ್ನಿ ಅಮ್ಮ” ಎಂದ ನಾಗರಾಜ.

ಇಷ್ಟು ವರ್ಷ ನನಗೆ ಈ ಪೆಟ್ಟಿಗೆಯ ವಿಷಯ ಯಾಕೆ ಹೇಳಲಿಲ್ಲವೆಂದು ಕೇಳಿದೆ. “ಹೇಳಿದ್ದೆ. ನೀವು ಪೇಪರ್ ಓದ್ತಾ ಇದ್ರಿ” ಎಂದಳು.

ಆಮೇಲೆ ದಿನಾ ಒಂಬತ್ತೂವರೆಗೆ ಅವಳು ಟಿಫಿನ್ ಡಬ್ಬಿ ಹಿಡಿದು ಹೊರಡುವುದು, ನಾನು ಮನೆಯಲ್ಲಿ ಹಾಲು ಉಕ್ಕಿಸುವುದು. ಸಿಕ್ಕವರಿಗೆಲ್ಲ “ಹಪ್ಪಳಕ್ಕೂ ಇನ್ನೋವೇಶನ್ನಂತೆ ಮಾರಾಯ್ರೆ” ಎಂದು ಹೇಳಿ ನಗಿಸುತ್ತಿದ್ದೆ.

ಒಂದು ಸಂಜೆ ಶಾರದೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತಳು. ಹೊರಗಿನಿಂದ ಬಂದಿದ್ದ ಅತಿಥಿಗಳ ಎದುರೇ ಪೆಟ್ಟಿಗೆ ಹೊಗೆಯಾಡಿ, ಹಪ್ಪಳವೆಲ್ಲ ಕರಕಲಾಗಿತ್ತು.

“ನಾಗರಾಜ ಎಂತ ಹೇಳ್ದ? ಟೇಬಲ್ ಬಿಡಿ ಅಂದ್ನಾ?”

“ಇಲ್ಲ. ಎಲ್ರೂ ನಕ್ರು. ಅವ್ನೊಬ್ಬ ಸುಟ್ಟಿದ್ದನ್ನೇ ತಿಂದು, ಇನ್ನೊಂದ್ಸಲ ಮಾಡಿ ಅಮ್ಮ ಅಂದ. ನಂಗೇ ಸಾಕಾಯ್ತು. ನಾಳೆಯಿಂದ ಹೋಗಲ್ಲ.”

ಹತ್ತೂವರೆಗೆ ಅವಳೇ ಮಾಡಿಕೊಡುತ್ತಿದ್ದ ಕಾಫಿ ವಾಪಸ್ಸು ಬಂತೆಂದು ನನ್ನ ಮನಸ್ಸು ಸಣ್ಣಗೆ ಕುಣಿಯಿತು. ಆಗ ಅವಳ ಬೆರಳುಗಳ ಮೇಲಿನ ಬೊಬ್ಬೆ ಕಣ್ಣಿಗೆ ಬಿತ್ತು. ಸೈಟು ಮಾರುವವನು ಅವಳ ಕರಕಲು ಹಪ್ಪಳ ತಿಂದಿದ್ದ. ನಾನು ಆ ಪೆಟ್ಟಿಗೆ ಹೇಗಿದೆಯೆಂದು ಒಂದು ದಿನವೂ ಹೋಗಿ ನೋಡಿರಲಿಲ್ಲ. ಬೊಬ್ಬೆಗೆ ತುಪ್ಪ ಹಚ್ಚುತ್ತಾ, “ನಾಳೆ ನಾನೂ ಬರ್ತೀನಿ” ಎಂದೆ.

ಹೋದವನು ಪೆಟ್ಟಿಗೆಯನ್ನು ಸುತ್ತಿ ನೋಡಿ ಗಂಭೀರವಾಗಿ ಹೇಳಿದೆ: “ಬಿಸಿ ಗಾಳಿ ಮೇಲೇರ್ತದೆ ಶಾರದೆ. ಮೇಲೆ ತೂತು ಬೇಕು.”

“ಅದು ಗೊತ್ತು. ನಾನು ಡ್ರಿಲ್ ಹಿಡಿವಾಗ ಪೆಟ್ಟಿಗೆ ಅಲ್ಲಾಡ್ದಂಗೆ ಒತ್ತಿ ಹಿಡ್ಕೊಳಕ್ಕೆ ಒಬ್ರು ಬೇಕಿತ್ತು.”

ಹಿಡಿದುಕೊಂಡೆ. ಮೂರನೇ ದಿನ, ಹೊರಗೆ ಧೋ ಎಂದು ಸುರಿಯುತ್ತಿರುವಾಗ, ಹಪ್ಪಳ ಗರಿಗರಿಯಾಗಿ ಒಣಗಿ ಹೊರಬಂತು. ಮೊದಲನೆಯದನ್ನು ಸುಟ್ಟು, ಅರ್ಧ ಮುರಿದು ನನಗೆ ಕೊಟ್ಟಳು. ಕಣ್ಣೊರೆಸಿಕೊಂಡೆ, ಖಾರ ಎಂದೆ.

ಗೇಟಿನ ರಿಜಿಸ್ಟರಿನಲ್ಲಿ ನಾನು ದಿನವೂ ‘ನಿವೃತ್ತ ಮುಖ್ಯೋಪಾಧ್ಯಾಯ’ ಎಂದು ಬರೆಯುತ್ತಿದ್ದೆ. ಆ ಸಂಜೆ ನೋಡಿದರೆ ವಾಚ್‌ಮನ್ ಅದನ್ನು ಹೊಡೆದುಹಾಕಿ ‘ಶಾರದಮ್ಮನವರ ಹೆಲ್ಪರ್’ ಎಂದು ತಿದ್ದಿದ್ದ. ಅಕ್ಷರ ಮಾತ್ರ ಅಷ್ಟು ಚೆನ್ನಾಗಿರಲಿಲ್ಲ. ಮರುದಿನದಿಂದ ನಾನೇ ದುಂಡಗೆ ಬರೆಯುತ್ತಿದ್ದೇನೆ.