ಮಂದ್ರೂಪದ ಸಾವಕಾರರ ಕಾರಿಗೆ ಕೂಲರ್ ಕೂರಿಸಿದ್ದು

ನನ್ನ ಅಂಗಡಿಗೆ ನೆಟ್ಟಗಿರುವ ಗಾಡಿ ಬರುವುದಿಲ್ಲ, ಹಾಗಾಗಿ ನೆಟ್ಟಗಿರುವ ಪ್ರಸಂಗವೂ ನಡೆಯುವುದಿಲ್ಲ. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ನನ್ನದೊಂದು ತಗಡಿನ ಶೆಡ್ಡು ಇದೆ. ಕಬ್ಬು ಕಡಿಯುವ ಮಷಿನ್ನು, ಬುಲ್ಡೋಜರು, ಕ್ರೇನು ಇಂಥವುಗಳ ಎಣ್ಣೆ ಪೈಪು ಒಡೆದರೆ ಹೊಸದು ಮಾಡಿಕೊಡುತ್ತೇನೆ. ಎಣ್ಣೆ ತಂಪು ಮಾಡುವ ಕೂಲರ್ ಸೋರಿದರೆ ಬೆಸುಗೆ ಹಾಕುತ್ತೇನೆ. ದಿನವಿಡೀ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬೈಸಿಕೊಳ್ಳುತ್ತೇನೆ. ಸಂಜೆ ಶೆಡ್ಡಿನ ಹಿಂದಿನ ಖೋಲಿಗೆ ಹೋದರೆ ಬೈಯುವವರೂ ಇಲ್ಲ.

ನಲವತ್ತು ದಾಟಿದರೂ ಲಗ್ನವಾಗಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಮೊದಲು ಹೊಲ ಎಷ್ಟು ಎಂದು ಕೇಳಿದರು, ಆಮೇಲೆ ನನ್ನ ಉಗುರು ನೋಡಿದರು, ಆಮೇಲೆ ಚಹಾ ಕೊಟ್ಟು ಕಳಿಸಿದರು. ಅವ್ವ ಇರುವ ತನಕ ಅದು ದೊಡ್ಡ ಚಿಂತೆ ಅನ್ನಿಸಿರಲಿಲ್ಲ. ಅವ್ವ ಹೋದ ಮೇಲೆ ಊಟದ ಹೊತ್ತು ಬಂತೆಂದರೆ ನನಗೆ ಜೀವ ಸಣ್ಣಗಾಗುತ್ತದೆ. ಹಸಿವಿರುತ್ತದೆ, ಕಡಕ್ ರೊಟ್ಟಿ ಇರುತ್ತದೆ, ಶೇಂಗಾ ಹಿಂಡಿ ಇರುತ್ತದೆ. ಆದರೆ ರೊಟ್ಟಿ ಮುರಿದ ಸದ್ದು ಖೋಲಿಯ ತುಂಬ ಕೇಳುವಾಗ ತುತ್ತು ಇಳಿಯುವುದಿಲ್ಲ. ಜೊತೆಗೆ ಕೂತು ಉಣ್ಣಲು ಒಬ್ಬರು ಬೇಕು. ನನ್ನ ಆಸೆ ಇಷ್ಟೇ, ಇದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ಇಂಥ ದಿನಗಳಲ್ಲಿ ಮಂದ್ರೂಪದ ಸಾವಕಾರರು ಕಾರು ತಂದರು.

೧. ಒದ್ದೆ ಚೀಲ

ಸಾವಕಾರರದು ಕಬ್ಬು ಬೆಳೆಯುವ ದೊಡ್ಡ ಮನೆತನ. ವಯಸ್ಸು ಐವತ್ತರ ಮೇಲೆ. ಎಲೆ ಇಲ್ಲ, ತಂಬಾಕಿಲ್ಲ, ಚಟ ಒಂದೇ: ಗಾಡಿ ಜೋರಾಗಿ ಬಿಡುವುದು. ಅದಕ್ಕಾಗಿಯೇ ಪುಣೆಯಲ್ಲಿ ಯಾರೋ ಓಡಿಸಿ ಮಾರಿದ ಜರ್ಮನಿಯ ಕಾರೊಂದನ್ನು ತಂದಿದ್ದರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಲ್ಲುವ ಗಾಡಿ. ಕಣ್ಣು ಮಿಟುಕಿಸುವುದರೊಳಗೆ ನೂರು ದಾಟುತ್ತದಂತೆ. ನನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ಅದರ ಮೂತಿಗೆ ಒಂದು ಒದ್ದೆ ಗೋಣಿಚೀಲ ಕಟ್ಟಿತ್ತು.

"ಇದೇನ್ರಿ ಸಾವಕಾರ್ರ?" ಎಂದೆ.

"ವಿಜಾಪುರ ರೋಡಿನ್ಯಾಗ ಜರಾ ಜೋರ ಬಿಟ್ಟೆ ಅಂದ್ರ ಎಣ್ಣಿ ಕಾದೈತಿ ಅಂತ ಕೆಂಪ ದಿವಾ ಹತ್ತತೈತಿ ಮಿಸ್ತ್ರಿ. ಅದಕ್ಕ ಚೀಲಾ ಹಸಿ ಮಾಡಿ ಕಟ್ಟೇನಿ."

"ತಂಪ ಆತೇನ್ರಿ?"

"ಎಲ್ಲೀದು? ಮೊದಲ ಊರ ಬಿಟ್ಟ ಮುಂದ ತೇರಾಮೈಲ ದಾಟಿದ ಮ್ಯಾಲ ಹತ್ತತಿತ್ತು. ಈಗ ಮಂದ್ರೂಪ ದಾಟೂದ್ರಾಗ ಹತ್ತತೈತಿ."

ಕೂಲರಿಗೆ ಬೇಕಾದದ್ದು ನೀರಲ್ಲ ಗಾಳಿ, ಚೀಲ ಕಟ್ಟಿ ಗಾಡಿಯ ಉಸಿರನ್ನೇ ಕಟ್ಟಿದ್ದೀರಿ ಎಂದು ತಿಳಿಸಿ ಹೇಳಿದೆ. ಒಳಗಿದ್ದ ಕೂಲರ್ ಅಂಗೈಯಷ್ಟು. ಚಳಿದೇಶದವರು ಮಾಡಿದ್ದು, ನಮ್ಮ ಬಿಸಿಲು ಅವರಿಗೇನು ಗೊತ್ತು. ಅದನ್ನು ತೆಗೆದು ದೊಡ್ಡದು ಹಾಕೋಣ, ಉದ್ದನೆಯ ಪೈಪು ನಾನೇ ಮಾಡುತ್ತೇನೆ ಎಂದೆ. ಸಾವಕಾರರಿಗೆ ಚೀಲದ ಮೇಲಿನ ನಂಬಿಕೆ ಹೋಗಲೊಲ್ಲದು.

"ಅಲ್ಲೋ, ನೀರಿನ ಹರವಿಗೆ ಹಸಿ ಅರಿಬಿ ಸುತ್ತಿದ್ರ ತಂಪ ಆಗ್ತಾವಿಲ್ಲೋ?"

"ಆಗ್ತಾವ್ರಿ. ಹರವಿ ಕುಂತಲ್ಲೇ ಕುಂತಿರತೈತಿ. ಎರಡನೂರರ ಮ್ಯಾಲ ಓಡಿಸಿದ್ರ ಅದರ ನೀರೂ ಕಾಯ್ತಾವ."

ಸಾವಕಾರರು ಕಾರಿನ ಹಿಂದಿನ ಸೀಟನ್ನೊಮ್ಮೆ ನೋಡಿ ಕೇಳಿದರು: "ಒಂದ ಹರವಿ ಇಟಗೊಂಡ ಹೋಗಿ ನೋಡೂಣೇನು?"

೨. ಶೇಂಗಾ ಎಣ್ಣೆಯ ಡಬ್ಬಿ

ಕಾರು ನನ್ನ ಶೆಡ್ಡಿನಲ್ಲಿ ನಿಂತಷ್ಟು ದಿನ ಸಾವಕಾರರೂ ದಿನಾ ಬಂದರು. ಕಾರು ನನ್ನ ಹತ್ತಿರ ಇದ್ದುದರಿಂದ ಅವರು ಬರುತ್ತಿದ್ದುದು ಎಸ್ಟಿ ಬಸ್ಸಿನಲ್ಲಿ. ಬಂದು ಟೈರಿನ ಮೇಲೆ ಕೂತು, ಮಳೆಯಿಂದ ಹಿಡಿದು ಮಂತ್ರಿಯ ತನಕ ಎಲ್ಲರನ್ನೂ ಬೈಯುತ್ತಿದ್ದರು. ಕೆಲಸ ಮಾಡುತ್ತ ಕೇಳುವುದು ನನಗೆ ಹಿತವಾಗಿತ್ತು. ಊಟದ ಹೊತ್ತಾದರೆ "ಉಣ್ಣಾಕ ಬರ್ರಿ" ಎನ್ನುತ್ತಿದ್ದೆ. "ಮನ್ಯಾಗ ಹಾದಿ ನೋಡ್ತಾರೋ ಮಿಸ್ತ್ರಿ" ಎಂದು ಅವರು ಬಸ್ಸಿಗೆ ಹೊರಡುತ್ತಿದ್ದರು. ಹಾದಿ ನೋಡುವವರಿರುವುದು ಎಂಥ ಭಾಗ್ಯ ಎಂದು ಅವರ ಬೆನ್ನು ನೋಡುತ್ತ ನಿಲ್ಲುತ್ತಿದ್ದೆ.

ಹೊಸ ಕೂಲರ್ ಬಂಪರಿನ ಹಿಂದೆ ಸರಿಯಾಗಿ ಕೂತಿತು. ಪೈಪು ಒತ್ತಿ, ಬಿಗಿದು, ಸೋರಿಕೆ ನೋಡಿದ್ದಾಯಿತು. ಉಳಿದದ್ದು ಒಂದೇ ಕೆಲಸ. ಗಾಳಿ ಬಲು ಕಳ್ಳ, ಸಂದು ಸಿಕ್ಕರೆ ಕೂಲರಿನ ಒಳಗೆ ಹೋಗದೆ ಪಕ್ಕದಿಂದ ಜಾರಿಕೊಳ್ಳುತ್ತದೆ. ಅದಕ್ಕೆ ಎರಡೂ ಕಡೆ ತಗಡಿನ ಗೋಡೆ ಬೇಕು. ಕೈಗೆ ಸಿಕ್ಕದ್ದು ಶೇಂಗಾ ಎಣ್ಣೆಯ ಖಾಲಿ ಡಬ್ಬಿ. ಕತ್ತರಿಸಿ ಕೂರಿಸಿದೆ, ಅಳತೆ ಮಾಡಿಸಿದಂತೆ ಕೂತಿತು. ತಗಡಿನ ಮೇಲಿದ್ದ ಶೇಂಗಾಕಾಯಿಯ ಚಿತ್ರ ಹೊರಗಡೆ ಕಾಣುತ್ತಿದೆ ಎಂಬುದನ್ನು ನಾನು ನೋಡಲಿಲ್ಲ.

ಆ ಸಂಜೆ ಸಾವಕಾರರು ಒಂದು ರಾತ್ರಿಯ ಮಟ್ಟಿಗೆ ಗಾಡಿಯನ್ನು ಊರಿಗೆ ಒಯ್ದಾಗ ಮಂದ್ರೂಪದ ಕಟ್ಟೆಯ ಮೇಲೆ ಕೂಡುವವರು ನೋಡಿದರು. ಮರುದಿನ ಸಾವಕಾರರ ಫೋನು.

"ಮಿಸ್ತ್ರಿ, ನಮ್ಮ ಗಾಡಿ ಶೇಂಗಾ ಎಣ್ಣಿ ಮ್ಯಾಲ ಓಡತೈತಿ ಅಂತ ಊರ ತುಂಬ ಆಗೇತಿ."

"ಅಂದ್ರ ಅನ್ಲಿ ಬಿಡ್ರಿ. ಆಡೋರ ಬಾಯಿಗೆ ಬೀಗ ಇಲ್ಲ."

"ಅನ್ಲಿ ಅಂದ್ರ ಹ್ಯಾಂಗ? ಭಜಿ ಅಂಗಡಿಯಾಂವ ಬಾಗಲಾಗ ಬಂದ ನಿಂತಾನ. ಕರದ ಎಣ್ಣಿ ಉಳದೈತಿ, ಹಾಕ್ಕೋತೀರೇನು ಅಂತಾನ."

೩. ಎಷ್ಟು ಓಡುತ್ತದೆ

ಕೆಲಸವೇನೋ ಮುಗಿಯಿತು, ಆದರೆ ಎಣ್ಣೆ ಕಾಯಿಸಿ ನೋಡದೆ ಗಾಡಿ ಬಿಡುವುದು ನನ್ನ ಪದ್ಧತಿಯಲ್ಲ. ಸಾವಕಾರರನ್ನು ಗಾಡಿ ಸಮೇತ ಮತ್ತೆ ಕರೆಸಿದೆ. ಅಕ್ಕಲಕೋಟೆಯ ಕಡೆ ಹೊರಟೆವು. ಸಾವಕಾರರು ಓಡಿಸುವುದು, ನಾನು ಗೇಜು ನೋಡುವುದು. ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲಿಸಿದ ಸಾವಕಾರರು, ಇಳಿದು ಕೂಲರ್ ಮುಟ್ಟಿ ನೋಡಿ ಮುಖ ಗಂಟಿಕ್ಕಿದರು.

"ಥಂಡಾ ಐತಿ. ಕೆಲಸಾ ಮಾಡಾಕತ್ತಿಲ್ಲಿದು."

"ಎಣ್ಣಿ ಪೂರಾ ಕಾಯೂ ತನಕ ಅದಕ್ಕ ಹೋಗೂ ಬಾಗಿಲಾ ತಗಿಯಂಗಿಲ್ರಿ. ಥರ್ಮೋಸ್ಟ್ಯಾಟ್ ಅಂತಾರ ಅದಕ್ಕ. ಕಾದ ಮ್ಯಾಲ ತಾನ ತಗೀತೈತಿ."

"ನಮ್ಮ ತಹಸೀಲ ಕಚೇರಿಗತೆ ಅನ್ನು" ಎಂದು ಸಾವಕಾರರು ಮತ್ತೆ ಹತ್ತಿದರು.

ಇನ್ನು ಕಾಲು ಒತ್ತಬೇಕು, ಅಷ್ಟರಲ್ಲಿ ಎದುರಿಗೆ ಕುರಿ. ಹಿಂಡಲ್ಲ, ಸಮುದ್ರ. ರಸ್ತೆಯ ಈ ಅಂಚಿನಿಂದ ಆ ಅಂಚಿನ ತನಕ ಉಣ್ಣೆಯೇ ಉಣ್ಣೆ. ಹಾರನ್ನು ಹೊಡೆದರೆ ಒಂದೆರಡು ತಿರುಗಿ ನೋಡಿ, ಇವನೇನು ಎಂಬಂತೆ ಮತ್ತೆ ನಡೆದವು. ಕುರಿಯ ನಡಿಗೆಯಲ್ಲಿ ಕಾರು ಹೊರಟಿತು. ಹೊತ್ತು ಕಳೆಯಲು ಸಾವಕಾರರು ನನ್ನ ಮನೆತನ ವಿಚಾರಿಸಿದರು.

"ಮನ್ಯಾಗ ಯಾರ್‍ಯಾರ ಅದಾರ ನಿನಗ?"

"ಯಾರೂ ಇಲ್ರಿ."

"ಯಾರೂ ಇಲ್ಲ ಅಂದ್ರ?"

"ಅಂದ್ರ ಯಾರೂ ಇಲ್ರಿ. ರೊಟ್ಟಿ ನಾನ ತರತೀನಿ, ನಾನ ತಿಂತೀನಿ."

ಅವರು ಹಾರನ್ನಿನ ಮೇಲಿಂದ ಕೈ ತೆಗೆದರು. "ನಮ್ಮವ್ವಗ ಹೇಳ್ತೀನಿ, ಒಂದ ಕಡೆ ಹೆಣ್ಣ ನೋಡ್ತಾಳ" ಎಂದರು. ಬ್ಯಾಡ್ರಿ ಎಂದು ಬಾಯಿ ಹೇಳಿತು. ಮನಸ್ಸು ಬಾಯಿಯ ಜೊತೆ ಇರಲಿಲ್ಲ.

ಅಷ್ಟರಲ್ಲಿ ಕಂಬಳಿ ಹೊದ್ದ ಕುರಿಗಾರ ಮುದುಕ ಕಿಟಕಿಯ ಹತ್ತಿರ ಬಂದು, ಕಾರನ್ನು ಹಿಂದೆ ಮುಂದೆ ನೋಡಿ, "ಭಾರಿ ಐತ್ರಿ. ಎಷ್ಟ ಓಡತೈತಿ?" ಎಂದು ಕೇಳಿದ.

ಸಾವಕಾರರು ಎದೆಯುಬ್ಬಿಸಿ ಹೇಳಿದರು: "ತಾಸಿಗೆ ಎರಡನೂರಾ ಐವತ್ತ."

ಮುದುಕ ಮುಂದಿದ್ದ ತನ್ನ ಕುರಿಗಳನ್ನೊಮ್ಮೆ ನೋಡಿದ. ಕಾರನ್ನೊಮ್ಮೆ ನೋಡಿದ.

"ಓಡಸ್ರಿ ಹಂಗಾರ" ಎಂದ.

೪. ಹೊಸ ಸೊಸೆ

ಸಾವಕಾರರು ಹೇಳಿದಂತೆಯೇ ಅವರ ತಾಯಿ ಒಂದು ಕಡೆ ನೋಡಿದರು. ಅಕ್ಕಲಕೋಟೆ ತಾಲೂಕಿನ ಕುರನೂರಿನಲ್ಲಿ, ಅಣ್ಣನ ಮನೆಯಲ್ಲಿದ್ದುಕೊಂಡು ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳು. ನನ್ನದೇ ಓರಗೆ. ಹೊಲದ ಮಾತೇ ಕೇಳಲಿಲ್ಲವಂತೆ. ನಾನು ಬಿಳಿ ಅಂಗಿ ಹೊಲಿಸಿದೆ. ಉಗುರನ್ನು ಕಲ್ಲಿಗೆ ತಿಕ್ಕಿದೆ. ಕನ್ನಡಿಯ ಮುಂದೆ ನಿಂತು ನಗುವುದನ್ನೂ ಅಭ್ಯಾಸ ಮಾಡಿದೆ, ಚೆನ್ನಾಗಿ ಬರಲಿಲ್ಲ.

ಹೊರಡುವ ದಿನ ಮೊದಲು ಮಂದ್ರೂಪಕ್ಕೆ ಹೋದೆವು. ಸಾವಕಾರರ ತಾಯಿ ಮೈಲಾರಲಿಂಗನ ಭಕ್ತೆ. ಮನೆಗೆ ಹೊಸದೇನು ಬಂದರೂ, ಟ್ರ್ಯಾಕ್ಟರಾಗಲಿ ಟಿವಿಯಾಗಲಿ, ಅದರ ಮೇಲೆ ಭಂಡಾರ ಬೀಳಲೇಬೇಕು. ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ತಾಯಿ ತಾಟು ಹಿಡಿದು ಬಂದರು.

"ಹೊಸಾದ ಯಾವುದಪಾ ಇದರಾಗ?"

"ಕೂಲರ್ ರೀ ಅವ್ವಾರ, ಮುಂದಿಂದ, ಜಾಳಿಗಿ ಕಾಣತೈತಲ್ರಿ ಅದು. ಆದ್ರ ಅದಕ್ಕ ಹಚ್ಚಬ್ಯಾಡ್ರಿ, ಗಾಳಿ ಆಡೂ ಜಾಗಾ. ಬಾನೆಟ್ಟಿಗೆ ಹಚ್ಚರಿ."

"ಬಾನೆಟ್ಟ ಹಳೇದಲ್ಲೋ?"

"ಹೌದ್ರಿ, ಆದ್ರ..."

"ಹೊಸಾ ಸೊಸಿ ಬಾಗಲಾಗ ನಿಂತಾಗ ಹಳೇ ಸೊಸಿಗೆ ಆರತಿ ಎತ್ತತಾರೇನು?" ಎಂದವರೇ ನೀರು ಚಿಮುಕಿಸಿ, ಎರಡು ಮುಷ್ಟಿ ಭಂಡಾರ ತುಂಬಿ ಕೂಲರಿನ ಸಂದುಸಂದಿಗೂ ಹೊಡೆದರು. ನನಗಾಗಿ ಹೆಣ್ಣು ಹುಡುಕಿದ ಹಿರಿಯರು. ಅವರು ದೇವರ ಹೆಸರಿನಲ್ಲಿ ಹಚ್ಚಿದ್ದನ್ನು ಅವರ ಅಂಗಳದಲ್ಲೇ ಒರೆಸುವ ಧೈರ್ಯ ನನಗೆಲ್ಲಿಂದ ಬರಬೇಕು? ಕೈಮುಗಿದು ಕಾರು ಹತ್ತಿದೆ.

ನಾನು ಊಟ ತಪ್ಪಿಸಿ ಕೂರಿಸಿದ ಕೂಲರ್ ಅದು. ಎರಡು ಮುಷ್ಟಿಯಲ್ಲಿ ತಾಯಿ, ಮಗನ ಒದ್ದೆ ಚೀಲವನ್ನೂ ಮೀರಿಸಿದ್ದರು.

೫. ಕುರನೂರು

ಅಕ್ಕಲಕೋಟೆ ಇನ್ನೂ ದೂರವಿರುವಾಗಲೇ ಕೆಂಪು ದೀಪ ಹತ್ತಿತು. ದಾರಿಯ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆವು. ಕೂಲರಿನ ಕಸ ತೆಗೆಯಲು ಒಂದು ಕ್ರಮವಿದೆ. ಮುಂದಿನಿಂದ ಊದಿದರೆ ಕಸ ಇನ್ನೂ ಒಳಗೆ ಹೋಗುತ್ತದೆ, ಹಿಂದಿನಿಂದಲೇ ಊದಬೇಕು. ಸಾವಕಾರರು ಬಾನೆಟ್ಟಿನ ಒಳಗೆ ಬಗ್ಗಿ ಗಾಳಿಯ ಪೈಪನ್ನು ಹಿಂದಿನಿಂದ ಹಿಡಿದರು. ಸಂದು ತೆರವಾಯಿತೇ ಎಂದು ನೋಡಲು ನಾನು ಮುಂದೆ ಮೊಣಕಾಲೂರಿ, ಕೂಲರಿಗೆ ಮುಖ ಹಚ್ಚಿ, "ಬಿಡ್ರಿ ಹಗೂರ್ಕ" ಎಂದೆ.

ಹಗುರ ಎಂಬ ಮಾತು ಸಾವಕಾರರ ಜಾತಕದಲ್ಲೇ ಇಲ್ಲ. ಎರಡು ಮುಷ್ಟಿ ಭಂಡಾರವೂ ಒಮ್ಮೆಗೇ ಬಂದು ನನ್ನ ಮುಖ, ಕೊರಳು, ಹೊಸ ಅಂಗಿಯ ಮೇಲೆ ಕೂತಿತು. ಪಂಕ್ಚರಿನವನ ಬಟ್ಟೆ ಸೋಪು ಇಸಿದುಕೊಂಡು ತಿಕ್ಕಿದೆ. ಅರಿಷಿಣಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆ ಎಂಬುದು ಆಗ ನೆನಪಿಗೆ ಬರಲಿಲ್ಲ. ಮೊದಲು ಹಳದಿ ಇದ್ದವನು ಈಗ ಹಳದಿ ಕೆಂಪು ಎರಡೂ ಆದೆ. ಗಾಡಿಯ ಎಣ್ಣೆ ಮಾತ್ರ ಅಲ್ಲಿಂದ ಮುಂದೆ ತಣ್ಣಗಿತ್ತು.

ಕುರನೂರಿನ ಮನೆಯಲ್ಲಿ ಹುಡುಗಿಯ ಅತ್ತೆ, ಎಂದರೆ ಅಪ್ಪನ ಅಕ್ಕ, ಬಾಗಿಲಲ್ಲೇ ನನ್ನನ್ನು ನೋಡಿ ನಿಂತುಬಿಟ್ಟರು.

"ಹೆಣ್ಣ ನೋಡಾಕ ಬರ್ತೀವಿ ಅಂದಿದ್ರಿ. ಅರಿಷಿಣಾ ಹಚಗೊಂಡ ಬಂದೀರಲ್ಲೋ, ಅಕ್ಕಿಕಾಳೂ ನೀವ ತಂದೀರೇನು?"

ಒಳಗಿನಿಂದ ನಗು ಕೇಳಿತು. ನಕ್ಕವರು ಗಿರಣಿಯವರೇ. ಚಹಾ ತಂದಿಟ್ಟು ಎದುರಿಗೇ ಕೂತರು, ನೇರವಾಗಿ ಮಾತಾಡಿದರು. ನನಗೆ ಬಹಳ ಹಿಡಿಸಿದರು.

"ಒಂದ ಮಾತ ಮೊದಲ ಹೇಳ್ತೀನ್ರಿ. ನಾ ಗಿರಣಿ ಬಿಟ್ಟ ಸೋಲಾಪುರಕ್ಕ ಬರಾಂಗಿಲ್ಲ."

"ನನ್ನ ಗಿರಾಕಿ ಎಲ್ಲಾ ಹೈವೇ ಮ್ಯಾಲ ಅದಾರ್ರಿ. ಇಲ್ಲಿ ಬಂದ್ರ ನಾ ಏನ ಮಾಡ್ಲಿ?"

"ಅದೂ ಖರೇನ" ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಚಹಾ ಆರುವ ಮೊದಲೇ ಮಾತು ಮುಗಿಯಿತು. ನಾನು ಬಸಿಯಲ್ಲಿ ಚಹಾ ಸುರಿದುಕೊಂಡು ಬಹಳ ಹೊತ್ತು ಊದಿದೆ. ಎದುರಿಗೆ ಒಬ್ಬರು ಕೂತಿದ್ದರಲ್ಲ, ಬೇಗ ಮುಗಿಸಲು ಮನಸ್ಸಾಗಲಿಲ್ಲ.

ಏಳುವಾಗ ಅತ್ತೆ ಸಾವಕಾರರನ್ನು ತಡೆದರು. ಅರಿಷಿಣ ಹಚ್ಚಿದ ಮದುಮಗನನ್ನು ಒಬ್ಬನೇ ಎಲ್ಲೂ ಬಿಡಬಾರದು, ಕೆಟ್ಟ ಗಾಳಿ ಸೋಕುತ್ತದೆ ಎಂಬುದು ನಮ್ಮ ಕಡೆಯ ರೂಢಿ. "ಲಗ್ನಾ ಕೂಡ್ಲಿ ಬಿಡ್ಲಿ, ಮೈಮ್ಯಾಲ ಅರಿಷಿಣ ಇರೂ ತನಕ ಇವರನ್ನ ಒಬ್ಬರನ್ನ ಬಿಡಬ್ಯಾಡ್ರಿ" ಎಂದರು. ಸಾವಕಾರರು ನನ್ನನ್ನು ಶೆಡ್ಡಿನ ಹತ್ತಿರ ಇಳಿಸಲೇ ಇಲ್ಲ, ನೇರ ಮಂದ್ರೂಪಕ್ಕೆ ಕರೆದೊಯ್ದರು. ಅವರ ತಾಯಿ ನನ್ನ ಬಣ್ಣ ನೋಡಿ, ಒಬ್ಬನನ್ನೇ ಬಿಡಬಾರದೆಂಬ ಕುರನೂರಿನ ಅತ್ತೆಯ ಮಾತನ್ನೇ ಮತ್ತೊಮ್ಮೆ ಹೇಳಿ, ತಾಟಿನ ಮುಂದೆ ಕೂರಿಸಿದರು. ಮನೆಮಂದಿಯ ಸಾಲಿನಲ್ಲಿ ಕೂತು ಉಂಡೆ. ಬೇಡವೆಂದರೂ ಬಿಸಿ ರೊಟ್ಟಿ ಬೀಳುತ್ತಿತ್ತು.

ಆಮೇಲೆ ಸಾವಕಾರರ ಗಾಡಿಯ ಎಣ್ಣೆ ಒಮ್ಮೆಯೂ ಕಾಯಲಿಲ್ಲ. ಕೆಲಸ ಚೊಕ್ಕವಾಗಿ ಮಾಡಿದರೆ ಗಿರಾಕಿ ಮತ್ತೆ ಬರುವುದಿಲ್ಲ, ಇದು ನಮ್ಮ ಕಸುಬಿನ ಶಾಪ. ಟೈರಿನ ಮೇಲೆ ಕೂತು ಮಂತ್ರಿಯನ್ನು ಬೈಯುವವರಿಲ್ಲದೆ ಶೆಡ್ಡು ಬಿಕೋ ಎನ್ನುತ್ತಿತ್ತು. ಎಳ್ಳಮಾವಾಸ್ಯೆ ಬಂತು. ಊರೂರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಉಣ್ಣಲು ಹೋಗುವ ಹಬ್ಬ. ಅವತ್ತು ಖೋಲಿಯಲ್ಲಿ ಒಬ್ಬನೇ ಕೂಡಲು ನನ್ನಿಂದ ಆಗಲಿಲ್ಲ. ಕುರನೂರಿಗೆ ಹಾಕಿಕೊಂಡು ಹೋಗಿದ್ದ ಅಂಗಿ ಹೊರತೆಗೆದು ಹಾಕಿಕೊಂಡೆ. ಬಿಸಿಲಿಗೆ ಹಳದಿ ಮಾಸಿತ್ತು. ಕಿರಾಣಿ ಅಂಗಡಿಯಲ್ಲಿ ಒಂದು ಪುಡಿಕೆ ಅರಿಷಿಣ ಕೊಂಡು, ಎದೆಗೂ ತೋಳಿಗೂ ಹೊಸದಾಗಿ ತಿಕ್ಕಿಕೊಂಡು, ಮಂದ್ರೂಪದ ಬಸ್ಸು ಹತ್ತಿದೆ. ಕಂಡಕ್ಟರ್ "ನವರದೇವ ಏಕಟಾಚ್ ಕಾ?" ಎಂದು, ಮದುಮಗ ಒಬ್ಬನೇ ಯಾಕೆ ಎಂದು ಮರಾಠಿಯಲ್ಲಿ ಕೇಳಿದ. ನಾನು ಟಿಕೀಟಿನ ದುಡ್ಡು ಕೊಟ್ಟೆ.

ಸಾವಕಾರರ ಮನೆಯವರು ಹೊಲಕ್ಕೆ ಹೊರಟು ನಿಂತಿದ್ದರು. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇನ್ನಾ ಹೋಗಿಲ್ಲೇನಪಾ ಅರಿಷಿಣಾ?"

"ಇಲ್ರಿ ಅವ್ವಾರ. ಭಾಳ ಗಟ್ಟಿ ಐತಿ."

ಅವರು ನನ್ನ ತೋಳಿನ ಮೇಲಿನ ಪುಡಿಯನ್ನು ಎರಡು ಬೆರಳಲ್ಲಿ ತೆಗೆದು ಮೂಗಿಗೆ ಹಿಡಿದರು. ಮಗನ ಕಡೆ ನೋಡಲಿಲ್ಲ, ಸೊಸೆಯರ ಕಡೆ ನೋಡಲಿಲ್ಲ. ಬುತ್ತಿಯ ಬುಟ್ಟಿ ಎತ್ತಿ ನನ್ನ ತಲೆಯ ಮೇಲಿಟ್ಟು, ನನಗಷ್ಟೇ ಕೇಳುವಂತೆ ಹೇಳಿದರು:

"ಇದು ಪಲ್ಲ್ಯಾಕ ಹಾಕೂ ಅರಿಷಿಣ. ಇನ್ನ ಮ್ಯಾಲ ಉಣ್ಣಾಕ ಬರೂ ಮುಂದ ಸುಮ್ನ ಬಾ, ಅಂಗಿ ಯಾಕ ಹಾಳ ಮಾಡ್ಕೋತಿ?"